ಅತ್ತೆಯ ಎರಡು ತೇಗದ ಮರಗಳು

ಮಧ್ಯಾಹ್ನದ ಊಟ ಮುಗಿದು ಕಣ್ಣು ಎಳೆಯುವ ಹೊತ್ತಿಗೆ ನನಗೆ ಈಗಲೂ ಎರಡು ತೇಗದ ಮರ ಕಾಣುತ್ತವೆ. ಅವನ್ನು ಯಾರೂ ನೆಟ್ಟಿರಲಿಲ್ಲ, ಯಾರೂ ನೀರು ಹನಿಸಿರಲಿಲ್ಲ, ಭೂಮಿಯ ಮೇಲೆ ಅವು ಇರಲೇ ಇಲ್ಲ. ಆದರೂ ಯಾವ ವರ್ಷ ಎಷ್ಟೆತ್ತರ ಇದ್ದವು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಐದು ವರ್ಷ ಅವನ್ನು ಬೆಳೆಸಿದವಳು ನಾನೇ. ಬರೀ ಬಾಯಿಮಾತಿನಲ್ಲಿ ಬೆಳೆಸಿದೆ.

ಮರಗಳು ಅತ್ತೆಯವು. ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಗುಬ್ಬಿಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವಳದೊಂದು ಪುಟ್ಟ ಹೆಂಚಿನ ಮನೆ. ಅವಳ ಗಂಡ ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿದ್ದು ತೀರಿಕೊಂಡವರು. ಅವರ ಪಿಂಚಣಿಯ ಪಾಲು ಅವಳಿಗೆ ಬರುತ್ತಿತ್ತು. ಮಕ್ಕಳಿರಲಿಲ್ಲ. ನಾನು ಹೈಸ್ಕೂಲು ಓದಿದ್ದು ಅವಳ ಮನೆಯಲ್ಲಿದ್ದುಕೊಂಡು, ಅವಳ ಸೆರಗಿನ ಪಕ್ಕ ಮಲಗಿಕೊಂಡು. ಹಾಗಾಗಿ 'ನೀನು' ಅಂದೇ ಕರೆದು ರೂಢಿ. ಮುಂದೆ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿ ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದ ಮೇಲೂ ಶನಿವಾರ ಬಂತೆಂದರೆ ರೈಲು ಹತ್ತಿ ಗುಬ್ಬಿಗೆ ಓಡುತ್ತಿದ್ದೆ. ಕಚೇರಿಯಲ್ಲಿ ನನಗೆ ಸಿಟ್ಟಿನ ಟೈಪಿಸ್ಟ್ ಅಂತಲೇ ಹೆಸರು. ಅತ್ತೆಯ ಪಡಸಾಲೆಯ ತಂಪು ನೆಲಕ್ಕೆ ಬೆನ್ನು ಕೊಟ್ಟ ಕೂಡಲೇ ಆ ಸಿಟ್ಟು ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ.

ನಮ್ಮ ಮನೆತನದ್ದೊಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕುಣಿಗಲ್ ಹತ್ತಿರ ನಮ್ಮದೊಂದು ತೆಂಗಿನ ತೋಟ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ನಮ್ಮವರು ಜಮೀನು ಕೊಡುತ್ತಿರಲಿಲ್ಲ, ಮರ ಕೊಡುತ್ತಿದ್ದರು. ಇಂಥ ಸಾಲಿನ ಇಂಥ ಮರ ಇಂಥವಳದು ಅಂತ ಹಿರಿಯರು ಬಾಯಲ್ಲಿ ಹೇಳಿದರೆ ಮುಗಿಯಿತು. ಕಾಗದವಿಲ್ಲ, ಸಹಿಯಿಲ್ಲ. ಅವಳು ಎಲ್ಲೇ ಇರಲಿ, ಆ ಮರದ ಕಾಯಿ ಅವಳಿಗೆ ಹೋಗಿ ಸೇರಬೇಕು. ಅತ್ತೆಯ ಮರ ಬಾವಿಯ ಪಕ್ಕದಲ್ಲಿ ಸ್ವಲ್ಪ ಮೂಡಲಿಗೆ ಬಾಗಿ ನಿಂತಿತ್ತು. ಕಾಯಿ ಕೆಡವಿದ ದಿನ ಅಪ್ಪ ಆ ಮರದ ಕಾಯನ್ನೆಲ್ಲ ಬೇರೆ ಗುಡ್ಡೆ ಹಾಕಿ, ಸುಣ್ಣದಲ್ಲಿ ಬೆರಳದ್ದಿ ಒಂದೊಂದಕ್ಕೂ ಒಂದು ಚುಕ್ಕೆ ಇಡುತ್ತಿದ್ದ. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, ಇದ್ಯಾಕಪ್ಪ ಅಂತ.

"ಬೇರೆಯೋರ್ದ್ರಲ್ಲಿ ಬೆರೆತು ಹೋಗ್ಬಾರ್ದಲ್ಲ, ಅದಕ್ಕೆ" ಅಂದಿದ್ದ.

ಸುಣ್ಣದ ಚುಕ್ಕೆಯ ಕಾಯಿಗಳು ಮೂಟೆಯಲ್ಲಿ ಕೂತು, ಬಸ್ಸಿನ ಟಾಪ್ ಹತ್ತಿ, ತುಮಕೂರಿನಲ್ಲಿ ಇನ್ನೊಂದು ಬಸ್ಸಿಗೆ ಬದಲಾಗಿ ಗುಬ್ಬಿಯ ಅತ್ತೆಯ ಅಟ್ಟ ಸೇರುತ್ತಿದ್ದವು. ಮದುವೆಯಾಗಿ ನಲವತ್ತು ವರ್ಷ ಕಳೆದರೂ ಒಂದು ಸಲವೂ ಅವಳು ಲೆಕ್ಕ ಕೇಳಿದವಳಲ್ಲ, ಅಪ್ಪ ತಪ್ಪಿಸಿದವನಲ್ಲ. ಎಲ್ಲೋ ದೂರದಲ್ಲಿ, ಬೇರೆಯವರ ಬೇಲಿಯೊಳಗೆ, ನನ್ನದೊಂದು ಮರ ಇದೆ, ಅದನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ. ಬೇರೆಯವರಿಗೆ ಇದು ಕಥೆಯಂತೆ ಕೇಳಿಸೀತು. ಅತ್ತೆಗೆ ಇದು ದಿನನಿತ್ಯದ ಮಾತು.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಕಚೇರಿಗೆ ತೇಗದ ಗಾಳಿ ಬೀಸಿತು. ನನ್ನ ಪಕ್ಕದ ಮೇಜಿನ ಗುಮಾಸ್ತರು ಒಳ್ಳೆಯ ಮನುಷ್ಯ, ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚದೆ ಟೀ ಕೂಡ ಕುಡಿಯದವರು. ಅವರು ಬಿಡುವಿನ ಹೊತ್ತಿನಲ್ಲಿ ಒಂದು ಕಂಪನಿಯ ಏಜೆಂಟರಾದರು. ನೀವು ದುಡ್ಡು ಕಟ್ಟಿ, ನಿಮ್ಮ ಹೆಸರಲ್ಲಿ ತೇಗದ ಸಸಿ ನೆಡುತ್ತೇವೆ. ಆರನೇ ವರ್ಷಕ್ಕೆ ಸ್ವಲ್ಪ ಹಣ, ಮರ ಬಲಿತ ಮೇಲೆ ರಾಶಿ ಹಣ. ಕಚೇರಿಯಲ್ಲಿ ಅರ್ಧಕ್ಕರ್ಧ ಜನ ಮರದ ಮಾಲೀಕರಾದೆವು. ನಾನೂ ಒಂದು ಕೊಂಡೆ. ಟೈಪ್ ಮಾಡುತ್ತ ಕೂತಾಗ ಕಿಟಕಿಯಾಚೆ ನೋಡುತ್ತ, ನನ್ನ ಮರಕ್ಕೆ ಈಗ ಬಿಸಿಲು ಬಿದ್ದಿರಬಹುದೇ ಅಂತ ಯೋಚಿಸುವುದೇ ಒಂದು ಸುಖವಾಗಿತ್ತು.

ಆ ಸುಖವನ್ನು ಶನಿವಾರ ಗುಬ್ಬಿಗೂ ಹೊತ್ತುಕೊಂಡು ಹೋದೆ. ಅತ್ತೆ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ನೀನು ತಗಂಡ್ಯಾ?"

"ಒಂದು ತಗಂಡೆ ಅತ್ತೆ."

"ಹಂಗಾದ್ರೆ ನಂಗೆ ಎರಡು ಹಾಕ್ಸು."

ಮುಂದಿನ ವಾರ ಗುಮಾಸ್ತರು ಫಾರಂ ಹಿಡಿದು ನನ್ನ ಜೊತೆ ಗುಬ್ಬಿಗೆ ಬಂದರು. ಕಂಪನಿ ಯಾರದು, ದುಡ್ಡು ವಾಪಸ್ ಬರುತ್ತದೆ ಅಂತ ಏನು ಗ್ಯಾರಂಟಿ, ಇದೊಂದನ್ನೂ ಅತ್ತೆ ಕೇಳಲಿಲ್ಲ. ಅವಳು ಕೇಳಿದ್ದೇ ಬೇರೆ.

"ನೀರು ಯಾರು ಬಿಡ್ತಾರೆ?"

"ಡ್ರಿಪ್ ಹಾಕವ್ರೆ ಅಮ್ಮ."

"ಬೇಲಿ ಐತಾ? ದನ ನುಗ್ಗಲ್ವಾ?"

"ಮುಳ್ಳುತಂತಿ ಐತೆ. ವಾಚ್‌ಮನ್ನೂ ಅವ್ನೆ."

"ಎಲ್ಲೈತೆ ಜಾಗ?"

"ನಮ್ ಜಿಲ್ಲೇಲೇ ಅಮ್ಮ. ಹತ್ರಾನೇ."

ಅಷ್ಟು ಸಾಕಾಯಿತು. ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ದುಡ್ಡು ತಂದಳು. ಹಲವು ವರ್ಷ ಪಿಂಚಣಿಯಲ್ಲಿ ಮಿಗಿಸಿದ್ದು, ಕಡೆಗಾಲದಲ್ಲಿ ಯಾರ ಮುಂದೆಯೂ ಕೈಯೊಡ್ಡಬಾರದು ಅಂತ ಕೂಡಿಟ್ಟಿದ್ದು. ಅವಳು ಅದನ್ನು ಗುಮಾಸ್ತರ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು. ನಾನು ಅವರಿಗೆ ದಾಟಿಸಿದೆ. ಇದನ್ನು ನಾನು ಎಷ್ಟೋ ಸಲ ನೆನೆಸಿಕೊಂಡು ಸಂಕಟಪಟ್ಟಿದ್ದೇನೆ. ಅವಳು ನಂಬಿದ್ದು ಕಂಪನಿಯನ್ನಲ್ಲ, ಗುಮಾಸ್ತರನ್ನೂ ಅಲ್ಲ. ನನ್ನನ್ನು.

ತಿಂಗಳೊಳಗೆ ಪತ್ರ ಬಂತು. ದಪ್ಪ ಕಾಗದ, ಅಂಚಿಗೆ ಹಸಿರು ಎಲೆಗಳ ಚಿತ್ತಾರ, ಇಂಗ್ಲಿಷಿನಲ್ಲಿ ಬರಹ. ಅತ್ತೆ ಕನ್ನಡ ಓದುತ್ತಿದ್ದಳು, ಇಂಗ್ಲಿಷ್ ಬಾರದು. ನಾನು ಓದಿ ಹೇಳಿದೆ: ನಿನ್ನ ಮರ ನೂರ ಹದಿನೆಂಟು ಮತ್ತು ನೂರ ಹತ್ತೊಂಬತ್ತು. ಅಕ್ಕಪಕ್ಕ. ಅದು ಅವಳಿಗೆ ತುಂಬ ಹಿಡಿಸಿತು. "ಒಂದಕ್ಕೊಂದು ಜೊತೆ ಆಯ್ತು ಬುಡು" ಅಂದಳು. ಆ ಪತ್ರದಲ್ಲಿ ಊರಿನ ಹೆಸರೇ ಇರಲಿಲ್ಲ ಅನ್ನುವುದನ್ನು ನಾನು ಗಮನಿಸಲಿಲ್ಲ. ದಿನಕ್ಕೆ ನಲವತ್ತು ಪತ್ರ ಟೈಪ್ ಮಾಡುವ ನನ್ನ ಕಣ್ಣು ಎಲೆಗಳ ಚಿತ್ತಾರ ನೋಡುತ್ತ ನಿಂತುಬಿಟ್ಟಿತ್ತು.

ಎರಡು ವರ್ಷಕ್ಕೆ ಕಂಪನಿ ಮುಳುಗಿತು. ಒಂದು ಸೋಮವಾರ ಗುಮಾಸ್ತರು ವಿಭೂತಿಯಿಲ್ಲದ ಹಣೆಯಲ್ಲಿ ಬಂದು ಕೂತರು. ಬೆಂಗಳೂರಿನ ಆಫೀಸಿಗೆ ಬೀಗ ಬಿದ್ದಿತ್ತು. ಅವರ ಪಿಎಫ್ ಸಾಲದ ದುಡ್ಡೂ ಅದರಲ್ಲೇ ಇತ್ತು. ಬೈಯಬೇಕು ಅಂತ ಎದ್ದವಳು ಅವರ ಮುಖ ನೋಡಿ ಕೂತುಬಿಟ್ಟೆ. ಕಚೇರಿಯ ನಾಲ್ಕೈದು ಜನ ಬೆಂಗಳೂರಿಗೆ ಹೋಗಿ ಆ ಬೀಗ ನೋಡಿಕೊಂಡು ಬಂದರು, ದೂರು ಬರೆದುಕೊಟ್ಟರು. ನೆಟ್ಟ ಸಸಿಗಳ ವಿಷಯ ಕೇಳಿದ್ದಕ್ಕೆ ದೂರು ತಗೊಂಡ ಪೊಲೀಸರು, ಯಾವ ಸಸಿ, ಒಂದನ್ನೂ ನೆಟ್ಟೇ ಇಲ್ಲ ಅಂದರಂತೆ.

ಆ ಶನಿವಾರ ಗುಬ್ಬಿಯ ರೈಲಿನಲ್ಲಿ ಕೂತು, ಹೇಗೆ ಹೇಳಲಿ ಅಂತ ಮಾತು ಜೋಡಿಸಿಕೊಂಡೆ. ಅತ್ತೆ ಬಾಗಿಲಲ್ಲೇ ಕೇಳಿದಳು:

"ಮಳೆ ಚೆನ್ನಾಗಿ ಬಂತಲ್ಲೇ. ನಮ್ ಮರ ಚಿಗುರಿರ್ಬೇಕು?"

ಅವಳ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ ನಾನು ಜೋಡಿಸಿಕೊಂಡಿದ್ದೆಲ್ಲ ಕಲಸಿಹೋಯಿತು. "ಚಿಗುರಿದಾವಂತೆ ಅತ್ತೆ" ಅಂದೆ. "ನಿನ್ನೆದೆ ಮಟ್ಟ ಬಂದಾವಂತೆ."

ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ತಾನಾಗಿಯೇ ಬರುತ್ತದೆ. ಮುಂದಿನ ಯುಗಾದಿಗೆ ಮರಗಳು ಬಾಗಿಲಿನಷ್ಟಾದವು. ಅದರ ಮುಂದಿನ ವರ್ಷ ಹೆಂಚಿನ ಸೂರಿನಷ್ಟು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತು, ಮಳೆಗಾಲಕ್ಕೆ ಬಿಳಿ ಹೂವಿನ ಗೊಂಚಲು ಬಿಟ್ಟವು. ಒಂದು ಸಲ ಗಾಳಿಗೆ ನೂರ ಹತ್ತೊಂಬತ್ತರ ಕೊಂಬೆ ಮುರಿಯಿತು ಅಂದೆ, ನಿಜವಿದ್ದ ಹಾಗೆ ಇರಲಿ ಅಂತ. ಅತ್ತೆ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಪಡಸಾಲೆಯಲ್ಲಿ ಇಬ್ಬರೂ ಮಲಗಿ ಹೆಂಚಿನ ಸಂದಿಯಿಂದ ಇಳಿಯುವ ಬೆಳಕಿನ ಕೋಲು ನೋಡುತ್ತ ಮರಗಳ ಮಾತಾಡುತ್ತಿದ್ದೆವು. ಮಾತಾಡುತ್ತ ಮಾತಾಡುತ್ತ ನನಗೂ ಅವು ಕಾಣಿಸತೊಡಗಿದವು. ಸರಸರ ಅನ್ನುವ ಅಗಲದ ಎಲೆ, ಬುಡದ ತಣ್ಣನೆಯ ನೆರಳು. ಸುಳ್ಳು ಅಂತ ಗೊತ್ತಿದ್ದವಳಿಗೇ ಅಷ್ಟು ಹಿತವಾಗಿದ್ದರೆ ಅವಳಿಗೆ ಹೇಗಿದ್ದಿರಬಹುದು! ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅರ್ಧ ನಿಜ. ಮಿಕ್ಕ ಅರ್ಧ, ನನ್ನ ತಪ್ಪನ್ನು ಒಪ್ಪಿಕೊಳ್ಳಲು ನನಗೆ ಧೈರ್ಯ ಸಾಲದೆ ಹೋಗಿದ್ದು.

ಆದರೆ ಇನ್ನೊಂದು ಕಡೆ ನಾನು ಅವಳ ಕಾವಲಿಗೆ ನಿಂತೆ. ಬಾಗಿಲಿಗೆ ಬಂದವರಿಗೆ ದುಡ್ಡು ಕೊಡಬೇಡ, ಕೇಳದೆ ಸಹಿ ಹಾಕಬೇಡ, ಪಾಸ್‌ಬುಕ್ ನನ್ನ ಹತ್ತಿರ ಇರಲಿ. ಅತ್ತೆ ಪಾಸ್‌ಬುಕ್ಕನ್ನು ಮರುಮಾತಾಡದೆ ಕೊಟ್ಟಳು. ನನಗೇನೋ ಅವಳು ಪೆದ್ದಿ ಅನ್ನುವ ಭಾವನೆ ಬಂದುಬಿಟ್ಟಿತ್ತು, ಪೆದ್ದುತನ ಮಾಡಿದ್ದು ನಾನಾದರೂ. ಒಂದು ದಿನ ಅವಳ ಬೀದಿಗೆ ಒಡವೆ ಪಾಲಿಶ್ ಮಾಡಿಕೊಡುತ್ತೇವೆ ಅಂತ ಇಬ್ಬರು ಬಂದಿದ್ದರಂತೆ. ಹಿತ್ತಾಳೆ ಚೊಂಬನ್ನು ಯಾವುದೋ ನೀರಿನಲ್ಲಿ ಅದ್ದಿ ಫಳಫಳ ತಿಕ್ಕಿ ತೋರಿಸಿ, ಅಜ್ಜಿ ಸರ ಕೊಡಿ ಅಂದರಂತೆ.

"ನೀನೇನಂದೆ?" ಅಂತ ಗಾಬರಿಯಾಗಿ ಕೇಳಿದೆ.

"ನಿನ್ ಬೆರಳಲ್ಲಿ ಉಂಗುರ ಐತಲ್ಲಪ್ಪ, ಮೊದ್ಲು ಅದನ್ನ ನಿನ್ ನೀರಿಗೆ ಹಾಕು, ನಾನು ನೋಡ್ತೀನಿ ಅಂದೆ. ಚೊಂಬೂ ಬುಟ್ಟು ಓಡೋದ್ರು ಕಣೇ" ಅಂತ ನಕ್ಕಳು. ನಾನೂ ನಕ್ಕೆ, ಆದರೂ ಪಾಸ್‌ಬುಕ್ ವಾಪಸ್ ಕೊಡಲಿಲ್ಲ.

ಆರನೇ ವರ್ಷ ಬಂತು, ಕಂಪನಿಯಿಂದ ದುಡ್ಡು ಬರಬೇಕಾದ ವರ್ಷ. ತಡವಾಗುತ್ತದಂತೆ ಅತ್ತೆ ಅಂದೆ. ಅವಳು ದುಡ್ಡಿನ ಮಾತು ಎತ್ತಲಿಲ್ಲ. "ಒಂದ್ ಸಲ ನೋಡ್ಕಂಡು ಬರಾಣ. ಕಣ್ಣಲ್ಲಿ ನೋಡಿದ್ರೆ ಸಾಕು" ಅಂದಳು. ಬಸ್ಸಿಲ್ಲ ಅಂದೆ, ಬಿಸಿಲು ಅಂದೆ, ರಜೆಯಿಲ್ಲ ಅಂದೆ. ಒಂದು ವರ್ಷ ಹೀಗೆ ತಳ್ಳಿದೆ. ಅವಳಿಗೆ ಮಂಡಿನೋವು ಶುರುವಾಗಿತ್ತು. "ಕಾಲು ಇರೋವಾಗ್ಲೇ ತೋರಿಸ್ಬಿಡೇ" ಅಂತ ಅವಳು ಅಂದ ದಿನ ನಾನು ಮಾಡಬಾರದ್ದನ್ನು ಮಾಡಲು ಒಪ್ಪಿಕೊಂಡೆ.

ಊರ್ಡಿಗೆರೆ ದಾಟಿ ಕಾಡಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ತೇಗದ ತೋಪಿತ್ತು. ಯಾರದು ಅಂತ ನನಗೆ ಗೊತ್ತಿರಲಿಲ್ಲ; ಒಮ್ಮೆ ಕಚೇರಿಯ ಕೆಲಸಕ್ಕೆ ಹೋಗುವಾಗ ಜೀಪಿನಿಂದ ನೋಡಿದ್ದೆ. ಅಲ್ಲಿಗೆ ಅತ್ತೆಯನ್ನು ಕರೆದುಕೊಂಡು ಹೋದೆ. ಅವಳು ಅವತ್ತು ಮೇಷ್ಟ್ರು ತಂದುಕೊಟ್ಟಿದ್ದ ನೀಲಿ ಸೀರೆ ಉಟ್ಟಿದ್ದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಎಲೆಯಡಿಕೆಯ ಚೀಲ ಇಟ್ಟುಕೊಂಡು, ದಾರಿಯ ಮರಗಳನ್ನೆಲ್ಲ ಹೆಸರು ಹಿಡಿದು ಹೇಳುತ್ತ ಬಂದಳು.

ಮಳೆ ನಿಂತ ತಿಂಗಳು. ತೋಪಿನೊಳಗೆ ಬೆಳಕು ಹಸಿರಾಗಿ ಇಳಿದಿತ್ತು. ಐದು ವರ್ಷ ಬಾಯಲ್ಲಿ ಹೇಳಿಕೊಂಡು ಬಂದಿದ್ದ ಜಾಗಕ್ಕೆ ಕೊನೆಗೂ ಬಂದುಬಿಟ್ಟೆವು ಅನ್ನಿಸಿ ಒಂದು ಕ್ಷಣ ನಾನೇ ಮರುಳಾದೆ. ಅದೇ ಅಗಲದ ಎಲೆ, ಅದೇ ನೆರಳು. ಜೊತೆಯಲ್ಲಿ ನಿಂತ ಎರಡು ದೊಡ್ಡ ಮರ ಆರಿಸಿ, "ಇವೇ ಅತ್ತೆ" ಅಂದೆ. ಚೆನ್ನಾಗಿ ಬೆಳೆದಿರುವ ಮರ ತೋರಿಸಿದರೆ ಅವಳಿಗೆ ಖುಷಿಯಾಗುತ್ತದೆ ಅಂತ ಇದ್ದವುಗಳಲ್ಲಿ ದಪ್ಪನೆಯವನ್ನೇ ಆರಿಸಿದ್ದೆ.

ಅತ್ತೆ ಹತ್ತಿರ ಹೋಗಿ ಕಾಂಡದ ಮೇಲೆ ಅಂಗೈಯಿಟ್ಟಳು. ಬಿದ್ದಿದ್ದ ಒಂದು ಎಳೆ ಎಲೆಯನ್ನು ಕೈಯಲ್ಲಿ ತಿಕ್ಕಿದಳು, ತೇಗದೆಲೆಯ ಬಣ್ಣಕ್ಕೆ ಕೈ ಕೆಂಪಾಯಿತು. ಆಮೇಲೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಬೆರಳ ತುದಿಗೆ ಸುಣ್ಣ ತಗೊಂಡಳು. ಅವಳು ಏನು ಮಾಡಲು ಬಂದಿದ್ದಾಳೆ ಅಂತ ನನಗೆ ಆಗ ಹೊಳೆಯಿತು. ತನ್ನ ಮರಗಳಿಗೆ ಚುಕ್ಕೆ ಇಡಲು ಬಂದಿದ್ದಳು.

ಬೆರಳು ಕಾಂಡದ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಅವಳು ತಲೆಯೆತ್ತಿ ಮರದ ತುದಿಯವರೆಗೂ ನೋಡಿದಳು. ಎರಡೂ ತೋಳು ಚಾಚಿ ಕಾಂಡವನ್ನು ತಬ್ಬಿ ಅಳೆದಳು, ಬೆರಳಿಗೆ ಬೆರಳು ಕೂಡಲಿಲ್ಲ. ಸುಮಾರು ಹೊತ್ತು ಹಾಗೇ ಮರಕ್ಕೆ ಕೆನ್ನೆ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಬೆರಳಿನ ಸುಣ್ಣವನ್ನು ಒಂದು ವೀಳ್ಯದೆಲೆಗೆ ಒರೆಸಿ, ಎಲೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಈ ಮರಕ್ಕೆ ನಿನ್ ವಯಸ್ಸಾಗೈತೆ ಕಣೇ" ಅಂದಳು.

ನನಗಾಗ ಮೂವತ್ತೈದು. ತೋಟದ ಮನೆಯಲ್ಲಿ ಹುಟ್ಟಿದವಳಿಗೆ ಏಳು ವರ್ಷದ ಮರ ಯಾವುದು, ಮೂವತ್ತು ದಾಟಿದ್ದು ಯಾವುದು ಅಂತ ಯಾರು ಹೇಳಿಕೊಡಬೇಕು? ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಕಂಪ್ನಿ ಯಾವಾಗ ಹೋಯ್ತು?"

"ಐದು ವರ್ಷ ಆಯ್ತು ಅತ್ತೆ."

"ಅವ್ರು ನನ್ ದುಡ್ಡು ತಿಂದ್ರು. ಅವ್ರು ಯಾರೋ, ನಾನ್ಯಾರೋ. ನೀನ್ಯಾಕೆ ಹಿಂಗ್ ಮಾಡ್ದೆ?"

ನಿನಗೆ ನೋವಾಗಬಾರದು ಅಂತ, ಅಂದೆ. ಅವಳು ರಸ್ತೆ ಕಡೆ ನಡೆದಳು. ಮಂಡಿನೋವಿನಲ್ಲಿ ಕುಂಟುತ್ತ ನಡೆಯುವವಳ ಕೈ ಹಿಡಿಯಹೋದರೆ ಕೈ ಕೊಡಲಿಲ್ಲ. ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಹತ್ತುವ ಮೊದಲು ತಿರುಗಿ, "ನನ್ ಪಾಸ್‌ಬುಕ್ ಕೊಟ್ಬುಡು" ಅಂದಳು. ಅದು ನನ್ನ ಬ್ಯಾಗಿನಲ್ಲೇ ಇತ್ತು. ಕೊಟ್ಟೆ.

ಆಮೇಲೆ ಒಂದೂವರೆ ವರ್ಷ ನಾನು ಗುಬ್ಬಿಗೆ ಹೋಗುವುದು ತಪ್ಪಿಸಲಿಲ್ಲ. ಅತ್ತೆ ಬಾಗಿಲು ತೆಗೆಯುತ್ತಿದ್ದಳು, ಊಟ ಬಡಿಸುತ್ತಿದ್ದಳು, ಕೆಲಸ ಹೇಗಿದೆ ಅನ್ನುತ್ತಿದ್ದಳು. ದುಡ್ಡುಕಾಸಿನ ಒಂದು ಮಾತು ಇಲ್ಲ. ಪೋಸ್ಟು ಬಂದರೆ ನನ್ನೆದುರು ಒಡೆಯುತ್ತಿರಲಿಲ್ಲ. ಫೋನು ಹಾಕಿಸಿಕೊಂಡಿದ್ದಳು, ನಾನಿದ್ದಾಗ ಅದು ಬಡಿದರೆ ಮಾತು ಬೇಗ ಮುಗಿಸುತ್ತಿದ್ದಳು. ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದಳು ನನ್ನನ್ನು. ಪಡಸಾಲೆಯಲ್ಲಿ ಬೆಳಕಿನ ಕೋಲು ಹಾಗೇ ಇಳಿಯುತ್ತಿತ್ತು, ಅದರ ಕೆಳಗೆ ನಾನೊಬ್ಬಳೇ ಮಲಗುತ್ತಿದ್ದೆ. ಅಳು ಬರುತ್ತಿತ್ತು. ಅಳುವಿಗಿಂತ ಹೆಚ್ಚಾಗಿ ಭಯ. ಅಷ್ಟು ಹೊತ್ತಿಗೆ ಕಾಲ ಕೆಟ್ಟಿತ್ತು. ಕಾರು ಗೆದ್ದಿದ್ದೀರಿ ಅನ್ನುವ ಕಾಗದಗಳು, ಬಹುಮಾನ ಬಂದಿದೆ ಅನ್ನುವ ಫೋನುಗಳು ಮನೆಮನೆಗೆ ಬರುತ್ತಿದ್ದವು. ನಾಳೆ ಯಾರೋ ಬಂದು ಏನೋ ಹೇಳಿದರೆ, ಅವಳು ಅದನ್ನು ತಂದು ತೋರಿಸುವ ಜಾಗವೇ ಇಲ್ಲದ ಹಾಗೆ ಮಾಡಿಟ್ಟಿದ್ದೆ ನಾನು. ಬೀಗ, ಪಾಸ್‌ಬುಕ್ಕು, ಬುದ್ಧಿಮಾತು ಯಾವುದೂ ಅವಳನ್ನು ಕಾಯುತ್ತಿರಲಿಲ್ಲ. ನನ್ನನ್ನು ಒಂದು ಮಾತು ಕೇಳುತ್ತಿದ್ದಳಲ್ಲ, ಅದೇ ಅವಳ ಬೇಲಿಯಾಗಿತ್ತು. ಅದನ್ನು ನನ್ನ ಕೈಯಾರೆ ಕಿತ್ತಿದ್ದೆ.

ಕಚೇರಿಯ ಕೆಲಸದಿಂದ ಶನಿವಾರ ಗುಬ್ಬಿಗೆ ಹೋಗಲಾಗದ ಒಂದು ವಾರ, ಭಾನುವಾರ ಬೆಳಿಗ್ಗೆ ಶೆಟ್ಟಿಹಳ್ಳಿಯ ನನ್ನ ಮನೆಯ ಮುಂದೆ ಆಟೋ ನಿಂತಿತು. ಅತ್ತೆ ಇಳಿದಳು. ನಾನು ಬಟ್ಟೆ ಒಗೆಯುತ್ತಿದ್ದವಳು ಒದ್ದೆ ಕೈಯಲ್ಲೇ ಓಡಿದೆ. ಅವಳು ಒಳಗೆ ಬರಲಿಲ್ಲ, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಳು. ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕವರು ತೆಗೆದು ನನ್ನತ್ತ ಚಾಚಿದಳು. ಆದರೆ ಕೈ ಬಿಡಲಿಲ್ಲ.

"ಇದ್ದುದ್ ಇದ್ದಂಗೆ ಹೇಳ್ತೀಯಾ? ನಂಗೆ ಬೇಜಾರಾಯ್ತದೆ ಅಂತ ತಿದ್ದಲ್ಲ ತಾನೇ?"

"ತಿದ್ದಲ್ಲ ಅತ್ತೆ."

ಆಗ ಬಿಟ್ಟಳು. ವಿಷಯವನ್ನೂ ಹೇಳಿದಳು. ಗುರುವಾರ ಒಬ್ಬ ಸ್ಕೂಟರಿನಲ್ಲಿ ಬಂದಿದ್ದ, ಕಂಕುಳಲ್ಲಿ ಫೈಲು. ಪಿಂಚಣಿ ಆಫೀಸಿನವನು ಅಂದು ಈ ಕವರು ಕೊಟ್ಟ. ಮೇಷ್ಟ್ರ ಸಂಬಳದ ಲೆಕ್ಕ ಹಿಂದೆ ತಪ್ಪಾಗಿತ್ತು, ಅರಿಯರ್ಸ್ ಮಂಜೂರಾಗಿದೆ, ಲಕ್ಷದ ಹತ್ತಿರ ಬರುತ್ತದೆ ಅಂದ. ಆಫೀಸಿನ ಖರ್ಚಿಗೆ ಆರು ಸಾವಿರ ಕೊಡಬೇಕು, ಸೋಮವಾರ ಬರುತ್ತೇನೆ ಅಂದ. ಯಾರಿಗೂ ಹೇಳಬೇಡಿ, ಸುದ್ದಿಯಾದರೆ ಫೈಲು ನಿಲ್ಲುತ್ತದೆ ಅಂದ. ಬಟ್ಟೆಯ ಗಂಟಿನಲ್ಲಿದ್ದದ್ದು ಆ ಆರು ಸಾವಿರ, ಶನಿವಾರ ಪೋಸ್ಟಾಫೀಸಿನಿಂದ ಬಿಡಿಸಿಕೊಂಡು ಬಂದಿದ್ದು.

"ಮೇಷ್ಟ್ರ ಹೆಸ್ರು ಹೇಳ್ದ ಕಣೇ. ಯಾವ್ ಯಾವ್ ಊರಲ್ಲಿ ಪಾಠ ಹೇಳಿದ್ರು ಅಂತ ಎಲ್ಲಾ ಹೇಳ್ದ. ಅವ್ರನ್ನ ನೆನೆಸ್ಕಳೋರು ಇನ್ಯಾರವ್ರೆ ಹೇಳು" ಅಂದಳು.

ನಾನು ಕಾಗದ ಬಿಡಿಸಿದೆ. ಈ ಸಲ ಟೈಪಿಸ್ಟ್ ಕಣ್ಣಲ್ಲಿ ಓದಿದೆ. ಹದಿನೈದು ವರ್ಷದಲ್ಲಿ ಸಾವಿರಾರು ಸರ್ಕಾರಿ ಪತ್ರ ನನ್ನ ಬೆರಳಿನಡಿ ಹಾದುಹೋಗಿವೆ. ಮೇಲೆ ಪತ್ರದ ಸಂಖ್ಯೆಯಿಲ್ಲದ, ದಿನಾಂಕವಿಲ್ಲದ, ಕೆಳಗೆ ಯಾರ್ಯಾರಿಗೆ ಪ್ರತಿ ಅಂತ ಬರೆಯದ ಪತ್ರ ಯಾವ ಕಚೇರಿಯಿಂದಲೂ ಹೊರಡುವುದಿಲ್ಲ. ಇದರಲ್ಲಿ ಒಂದೂ ಇರಲಿಲ್ಲ. ಒಂದು ನೇರಳೆ ಸೀಲು, ಅಷ್ಟೆ.

ತಲೆಯೆತ್ತಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತು ಮಳೆ ಬಂದಿದೆ, ಮರ ಚಿಗುರಿರಬೇಕು ಅಂದಾಗಿನ ಅದೇ ಮುಖ, ಅದೇ ಆಸೆ. ವಿಚಾರಿಸಿ ಹೇಳ್ತೀನಿ ಅತ್ತೆ, ಈಗ ಒಳಗೆ ಬಾ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಸುಳ್ಳು ಅತ್ತೆ. ಪೂರ್ತಿ ಸುಳ್ಳು. ಯಾವ ದುಡ್ಡೂ ಬರಲ್ಲ."

"ಒಂದ್ ಚೂರೂ?"

"ಒಂದ್ ಚೂರೂ ಇಲ್ಲ."

ಎದುರು ಮನೆಯ ರೇಡಿಯೋದಲ್ಲಿ ಯಾವುದೋ ಭಜನೆ ಬರುತ್ತಿತ್ತು. ನನ್ನ ಕೈಯ ಸೋಪಿನ ನೊರೆ ಒಣಗಿ ಬಿಗಿಯಾಯಿತು. ಕೊನೆಗೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾಫಿ ಕಾಸು" ಅಂದು ಎದ್ದು ಒಳಗೆ ಬಂದಳು.

ಅವತ್ತೇ ಸಾಯಂಕಾಲ ಅವಳ ಜೊತೆ ಗುಬ್ಬಿಗೆ ಹೋದೆ. ಪೊಲೀಸ್ ಸ್ಟೇಷನ್ನಿನಲ್ಲಿ ಕಾಗದ ತೋರಿಸಿ ದೂರು ಕೊಟ್ಟೆವು. ಸೋಮವಾರ ರಜೆ ಹಾಕಿ ಇಬ್ಬರೂ ಜಗಲಿಯ ಮೇಲೆ ಕಾದು ಕೂತೆವು. ಸಾದಾ ಉಡುಪಿನ ಒಬ್ಬ ಪೇದೆ ಎದುರಿನ ಟೀ ಅಂಗಡಿಯಲ್ಲಿ ಪೇಪರ್ ಓದುತ್ತ ಕೂತಿದ್ದರು. ಹನ್ನೊಂದರ ಹೊತ್ತಿಗೆ ತಿರುವಿನಲ್ಲಿ ಒಂದು ಸ್ಕೂಟರಿನ ಸದ್ದು ನಿಧಾನವಾಯಿತು, ನಿಂತ ಹಾಗಾಯಿತು, ಮತ್ತೆ ಜೋರಾಗಿ ದೂರ ಹೋಯಿತು. ಅವನೋ, ಬೇರೆ ಯಾರೋ. ಆಮೇಲೆ ಯಾರೂ ಬರಲಿಲ್ಲ.

ಊಟವಾದ ಮೇಲೆ ಪಡಸಾಲೆಗೆ ಬಂದೆವು. ಹೋದ ವಾರ ಕುಣಿಗಲ್ಲಿಂದ ಬಂದ ಮೂಟೆ ಇನ್ನೂ ಅಟ್ಟಕ್ಕೆ ಏರಿರಲಿಲ್ಲ, ಮೂಲೆಯಲ್ಲಿ ಬಾಯಿ ಬಿಚ್ಚಿಕೊಂಡಿತ್ತು. ಕಾಯಿಗಳ ಮೇಲಿನ ಬಿಳಿ ಚುಕ್ಕೆ ಕಾಣುತ್ತಿದ್ದವು. ನಾನು ನೆಲಕ್ಕೆ ಬೆನ್ನು ಕೊಟ್ಟೆ. ಅತ್ತೆ ಪಕ್ಕದಲ್ಲಿ ಗೋಡೆಗೊರಗಿ ಕೂತು ಎಲೆಯಡಿಕೆಯ ಚೀಲ ಬಿಚ್ಚಿದಳು. ಬೆಳಕಿನ ಕೋಲು ನಮ್ಮಿಬ್ಬರ ನಡುವೆ ಇಳಿದಿತ್ತು, ಧೂಳು ಮೆಲ್ಲಗೆ ತೇಲುತ್ತಿತ್ತು. ಕಣ್ಣು ಎಳೆಯುತ್ತಿದ್ದಾಗ ಅವಳು ನನ್ನ ಬಲಗೈ ತೆಗೆದುಕೊಂಡು ಅಂಗೈ ಬಿಡಿಸಿದ್ದು ಗೊತ್ತಾಯಿತು. ಒಂದು ಬೆರಳು ತಣ್ಣಗೆ ಒತ್ತಿತು. ನೋಡಿದರೆ ಅಂಗೈ ನಡುವೆ ಸುಣ್ಣದ ಚುಕ್ಕೆ.

"ಇದೇನತ್ತೆ?"

ಅವಳು ಮಿಕ್ಕ ಸುಣ್ಣವನ್ನು ಎಲೆಗೆ ಸವರುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಬೇರೆಯೋರ್ದ್ರಲ್ಲಿ ಬೆರೆತು ಹೋಗ್ಬಾರ್ದಲ್ಲ, ಅದಕ್ಕೆ."